ಸ್ತನ ಕ್ಯಾನ್ಸರ್ ತಪಾಸಣೆಯ ಸಾಧನೆಯನ್ನು ತಾಲ್ಲೂಕು ಮಟ್ಟದಲ್ಲಿ ಅಳೆಯುವುದು ಹೇಗೆ?

ಪ್ರಶ್ನೆ ಕೇಳಿದವರು: ಘಟಪ್ರಭಾ ದಂಡೆ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದ ಅಂಕಿಅಂಶಗಳನ್ನು ಕ್ರೋಡೀಕರಿಸುವ ಕೆಲಸದಲ್ಲಿದ್ದೇನೆ. ವೈದ್ಯನಲ್ಲ, ಓದಿದ್ದು ಬಿ.ಕಾಂ. ನಮ್ಮ ತಾಲ್ಲೂಕಿನ ಸ್ತನ ಕ್ಯಾನ್ಸರ್ ತಪಾಸಣೆ ಕಳೆದ ಮೂರು ವರ್ಷಗಳಲ್ಲಿ ಎಷ್ಟರ ಮಟ್ಟಿಗೆ ಫಲ ಕೊಟ್ಟಿದೆ ಎಂಬುದರ ಬಗ್ಗೆ ಮುಂದಿನ ಪರಿಶೀಲನಾ ಸಭೆಗೆ ನಾಲ್ಕು ಪುಟಗಳ ಟಿಪ್ಪಣಿ ಬರೆದುಕೊಡಬೇಕೆಂದು ನನಗೆ ಹೇಳಿದ್ದಾರೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದೊಳಗಿನ ಪ್ರತಿಯೊಬ್ಬ ಮಹಿಳೆಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರು ಕೈಯಿಂದ ಸ್ತನ ಪರೀಕ್ಷೆ ಮಾಡಬೇಕು, ಗಂಟು ಅಥವಾ ಬೇರೆ ಬದಲಾವಣೆ ಕಂಡವರನ್ನು ಮೇಲಿನ ಆಸ್ಪತ್ರೆಗೆ ಕಳಿಸಬೇಕು ಎಂಬಷ್ಟು ನನಗೆ ಗೊತ್ತಿದೆ. ಅದಕ್ಕಿಂತ ಹೆಚ್ಚಿನದು ತಿಳಿದಿಲ್ಲ.

ನನ್ನ ಮುಂದಿರುವ ವರದಿಯಲ್ಲಿ ಮುಖ್ಯವಾಗಿ ಮೂರು ಕಾಲಂಗಳಿವೆ. ‘ತಪಾಸಣೆಗೊಳಗಾದವರು’ ಎಂಬ ಕಾಲಂ ತುಂಬಿ ತುಳುಕುತ್ತಿದೆ; ಗುರಿಯನ್ನು ಬಹುತೇಕ ಎಲ್ಲ ಉಪಕೇಂದ್ರಗಳೂ ಮುಟ್ಟಿವೆ, ಕೆಲವು ದಾಟಿಯೂ ಹೋಗಿವೆ. ‘ಶಂಕಿತರು’ ಎಂಬ ಕಾಲಂನಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ ಕಾಣುತ್ತದೆ. ‘ದೃಢಪಟ್ಟವರು’ ಎಂಬಲ್ಲಿ ತಿಂಗಳ ಮೇಲೆ ತಿಂಗಳು ಸೊನ್ನೆಯೇ. ಈ ಸೊನ್ನೆಯನ್ನು ನೋಡಿ ಸಂತೋಷಪಡಬೇಕೋ ಚಿಂತಿಸಬೇಕೋ ಎಂದು ಹಿರಿಯರೊಬ್ಬರನ್ನು ಕೇಳಿದಾಗ, ‘ನಮ್ಮ ಕಡೆ ಆ ರೋಗ ಕಡಿಮೆ’ ಎಂಬ ಉತ್ತರ ಬಂತು.

ಆ ಉತ್ತರವನ್ನು ನಂಬಿ ಸುಮ್ಮನಾಗುತ್ತಿದ್ದೆನೇನೋ. ಆದರೆ ನಮ್ಮ ಓಣಿಯಲ್ಲೇ ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಕಳೆದ ವರ್ಷ ಮಿರಜಿಗೆ ಹೋಗಿ ಸ್ತನದ ಆಪರೇಶನ್ ಮಾಡಿಸಿಕೊಂಡು ಬಂದರು. ಕುತೂಹಲಕ್ಕೆ ನಮ್ಮ ಪಟ್ಟಿ ತೆಗೆದು ನೋಡಿದೆ. ಅವರ ಹೆಸರಿನ ಮುಂದೆ, ಆಪರೇಶನ್ನಿಗೆ ಎಂಟು ತಿಂಗಳ ಹಿಂದಿನ ದಿನಾಂಕದಲ್ಲಿ, ‘ತಪಾಸಣೆ ಆಗಿದೆ, ಸಹಜ’ ಎಂದು ದಾಖಲಾಗಿದೆ.

ಹೀಗಿರುವಾಗ ಒಂದು ಪ್ರದೇಶದ ತಪಾಸಣಾ ಕಾರ್ಯಕ್ರಮ ಚೆನ್ನಾಗಿ ನಡೆದಿದೆ ಎಂದು ಹೇಳಲು ಯಾವ ಅಂಕಿಗಳನ್ನು ನೋಡಬೇಕು? ನಮ್ಮಂಥ ತಾಲ್ಲೂಕಿನಲ್ಲಿ ಎಷ್ಟು ಶಂಕಿತರು, ಎಷ್ಟು ರೋಗಿಗಳು ಸಿಗಬೇಕಾಗಿತ್ತು ಎಂದು ಅಂದಾಜು ಮಾಡಲು ಸಾಧ್ಯವೇ? ಯಾರ ಮೇಲೂ ತಪ್ಪು ಹೊರಿಸುವ ಉದ್ದೇಶ ನನಗಿಲ್ಲ. ಉಪಕೇಂದ್ರದ ಸಿಬ್ಬಂದಿಯ ಕೆಲಸದ ಹೊರೆ ಎಷ್ಟೆಂಬುದನ್ನು ದಿನವೂ ಕಣ್ಣಾರೆ ನೋಡುತ್ತಿದ್ದೇನೆ.

ಉತ್ತರ 1: ಕೋಟೆಕೆರೆ (ಬೆಳಗಾವಿ, ಸಮುದಾಯ ವೈದ್ಯಶಾಸ್ತ್ರದ ನಿವೃತ್ತ ಬೋಧಕ)

ನಿಮ್ಮ ಓಣಿಯ ಆ ತಾಯಿಯ ದಾಖಲೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗೊತ್ತಿಲ್ಲದೆಯೇ ನೀವು ತಪಾಸಣಾ ಮೌಲ್ಯಮಾಪನದ ಅತ್ಯಂತ ಕಠಿಣವಾದ ಅಳತೆಗೋಲನ್ನು ಕೈಗೆತ್ತಿಕೊಂಡಿದ್ದೀರಿ. ತಪಾಸಣೆಯಲ್ಲಿ ‘ಸಹಜ’ ಎನಿಸಿಕೊಂಡು, ಮುಂದಿನ ಸುತ್ತು ಬರುವ ಮೊದಲೇ ರೋಗ ಪತ್ತೆಯಾದ ಪ್ರಕರಣಗಳನ್ನು ಮಧ್ಯಂತರ ಕ್ಯಾನ್ಸರ್ ಎನ್ನುತ್ತಾರೆ. ಯುರೋಪಿನ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌-ರೇ) ಕಾರ್ಯಕ್ರಮಗಳು ಇವನ್ನು ಒಂದೊಂದಾಗಿ ಹುಡುಕಿ, ಹಳೆಯ ಫಿಲ್ಮ್ ತೆಗೆದು ಮತ್ತೆ ನೋಡಿ, ಅಂದೇ ಕಾಣಬಹುದಾಗಿತ್ತೇ ಎಂದು ಪರೀಕ್ಷಿಸುತ್ತವೆ. ನಮ್ಮಲ್ಲಿ ಅದು ಯಾವ ವರದಿಯ ಯಾವ ಕಾಲಂನಲ್ಲೂ ಇಲ್ಲ.

ಈಗ ನಿಮ್ಮ ಸೊನ್ನೆಯ ವಿಚಾರ. ಕೈಯಿಂದ ಮಾಡುವ ಸ್ತನ ಪರೀಕ್ಷೆಯನ್ನೇ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ, ಅಂಕಿಗಳನ್ನು ಬಿಗಿಯಾಗಿ ಇಟ್ಟುಕೊಂಡು ನಡೆಸಿದ ಎರಡು ಅಧ್ಯಯನಗಳಿವೆ. ಒಂದು ತಿರುವನಂತಪುರದಲ್ಲಿ 2006ರಲ್ಲಿ ಆರಂಭವಾದದ್ದು, ಇನ್ನೊಂದು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ 1998ರಲ್ಲಿ ಆರಂಭಿಸಿದ್ದು. ತಿರುವನಂತಪುರದ ಮೊದಲ ಸುತ್ತಿನ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅಲ್ಲಿ 50,366 ಮಹಿಳೆಯರ ಪರೀಕ್ಷೆ ನಡೆಯಿತು, 2,880 ಮಂದಿಯಲ್ಲಿ ಶಂಕೆ ಕಂಡಿತು, ಅವರಲ್ಲಿ 30 ಮಂದಿಗೆ ಕ್ಯಾನ್ಸರ್ ಇರುವುದು ದೃಢವಾಯಿತು. ಇದನ್ನು ಹತ್ತು ಸಾವಿರಕ್ಕೆ ಇಳಿಸಿದರೆ ಸುಮಾರು 570 ಶಂಕಿತರು, 6 ರೋಗಿಗಳು. ಪರೀಕ್ಷೆ ಮಾಡಿದವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ನಿಮ್ಮ ತಾಲ್ಲೂಕಿನ ಅಂಕಿಗಳನ್ನು ಹೋಲಿಸಿ ನೋಡಲು ನಾನು ಸೂಚಿಸುವುದು ಈ ಜೋಡಿ ಸಂಖ್ಯೆಯನ್ನೇ.

ಕೇರಳದಲ್ಲಿ ರೋಗದ ಪ್ರಮಾಣ ನಮ್ಮ ಹಳ್ಳಿಗಳಿಗಿಂತ ಹೆಚ್ಚು ಎಂಬುದು ನಿಜ, ಆದ್ದರಿಂದ ರೋಗಿಗಳ ಸಂಖ್ಯೆ ಇಲ್ಲಿ ಆರಕ್ಕಿಂತ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ಆದರೆ ಶಂಕಿತರ ಸಂಖ್ಯೆಗೆ ಆ ಸಮಾಧಾನ ಅನ್ವಯಿಸುವುದಿಲ್ಲ. ಕೈಗೆ ಸಿಗುವ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ ನಾರುಗಡ್ಡೆಗಳು, ನೀರುಗುಳ್ಳೆಗಳು, ಹಾಲುಣಿಸುವ ಕಾಲದ ಗಂಟುಗಳು. ಅವು ಕೇರಳದ ಹೆಂಗಸರಿಗೂ ಬಾದಾಮಿಯ ಹೆಂಗಸರಿಗೂ ಬರುತ್ತವೆ. ಹತ್ತು ಸಾವಿರ ಮಹಿಳೆಯರನ್ನು ಪರೀಕ್ಷಿಸಿ ಹತ್ತೋ ಹನ್ನೆರಡೋ ಮಂದಿಯಲ್ಲಿ ಮಾತ್ರ ಏನೋ ಕಂಡಿತು ಎಂದು ವರದಿ ಬಂದರೆ, ಆ ತಾಲ್ಲೂಕಿನಲ್ಲಿ ರೋಗ ಕಡಿಮೆ ಎಂದು ನಾನು ತಿಳಿಯುವುದಿಲ್ಲ. ಪರೀಕ್ಷೆ ಕೈಯಿಂದ ಆಗಿಲ್ಲ, ಬಾಯಿಂದ ಆಗಿದೆ ಎಂದು ತಿಳಿಯುತ್ತೇನೆ.

ಬಾಯಿಂದ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕು. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ತುಂಬುವ ಸಿ-ಬ್ಯಾಕ್ ಎಂಬ ನಮೂನೆಯಲ್ಲಿ ಸ್ತನದಲ್ಲಿ ಗಂಟು ಇದೆಯೇ, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ ಇದೆಯೇ, ಆಕಾರದಲ್ಲಿ ಬದಲಾವಣೆ ಕಂಡಿದೆಯೇ ಎಂಬ ಪ್ರಶ್ನೆಗಳಿವೆ. ಅದು ಯಾರನ್ನು ಮೊದಲು ಕರೆಯಬೇಕು ಎಂದು ತಿಳಿಯಲು ಮಾಡಿದ ಏರ್ಪಾಡು. ಆ ಪ್ರಶ್ನೆಗಳಿಗೆ ‘ಇಲ್ಲ’ ಎಂಬ ಉತ್ತರ ಬಂದ ಮಾತ್ರಕ್ಕೆ ತಪಾಸಣೆ ಮುಗಿದಂತಲ್ಲ. ಆದರೆ ಗುರಿಯ ಒತ್ತಡ ಹೆಚ್ಚಾದ ಕಡೆಗಳಲ್ಲಿ, ‘ಏನವ್ವಾ, ಎದ್ಯಾಗ ಗಂಟು ಗಿಂಟು ಏನರ ಐತೇನು?’ ಎಂದು ಕೇಳಿ, ಆಕೆ ತಲೆ ಅಲ್ಲಾಡಿಸಿದ್ದನ್ನೇ ‘ಪರೀಕ್ಷೆ ಆಗಿದೆ, ಸಹಜ’ ಎಂದು ಪೋರ್ಟಲಿಗೆ ಏರಿಸುವುದನ್ನು ನಾನು ಸೇವೆಯಲ್ಲಿದ್ದಾಗ ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಮಹಿಳೆಯರನ್ನೇ ನೇರವಾಗಿ ಕೇಳಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರ ಪೈಕಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡಿದ್ದೇವೆ ಎಂದವರು ಇಡೀ ದೇಶದಲ್ಲಿ 0.9 ಪ್ರತಿಶತ. ಅದಾದ ಮೇಲೆ ಕೆಲಸ ಹೆಚ್ಚಿರಬಹುದು, ಒಪ್ಪೋಣ. ಆದರೂ ಒಂದರ ಒಳಗಿದ್ದದ್ದು ತೊಂಬತ್ತರ ಮೇಲೆ ಹೋಗಿದ್ದರೆ ಆ ಹಾದಿಯನ್ನು ಒಮ್ಮೆ ಪರಿಶೀಲಿಸಲೇಬೇಕು.

ಹೊದಿಕೆಯ, ಅಂದರೆ ಅರ್ಹ ಮಹಿಳೆಯರಲ್ಲಿ ಎಷ್ಟು ಮಂದಿಗೆ ತಪಾಸಣೆ ತಲುಪಿದೆ ಎಂಬುದರ, ಲೆಕ್ಕದಲ್ಲೂ ಒಂದು ತೊಡಕಿದೆ. ಪರೀಕ್ಷೆ ಐದು ವರ್ಷಕ್ಕೊಮ್ಮೆ ಎಂದಾದರೆ, ವರ್ಷಕ್ಕೆ ಅರ್ಹ ಮಹಿಳೆಯರ ಐದನೆಯ ಒಂದು ಭಾಗ ಮುಗಿದರೆ ಸಾಕು. ಅದೇ ಮಹಿಳೆಯನ್ನು ಶಿಬಿರದಲ್ಲೊಮ್ಮೆ, ಉಪಕೇಂದ್ರದಲ್ಲೊಮ್ಮೆ, ಮರುವರ್ಷ ಮತ್ತೊಮ್ಮೆ ಎಣಿಸಿದರೆ ಪರೀಕ್ಷೆಗಳ ಸಂಖ್ಯೆ ಬೆಳೆಯುತ್ತದೆಯೇ ಹೊರತು ಮಹಿಳೆಯರ ಸಂಖ್ಯೆಯಲ್ಲ. ಗುರಿ ದಾಟಿದ ಉಪಕೇಂದ್ರಗಳಿವೆ ಎಂದಿರಲ್ಲ, ಅಲ್ಲಿ ಮೊದಲು ಆಭಾ ಸಂಖ್ಯೆಯ (ಒಬ್ಬೊಬ್ಬರಿಗೂ ಕೊಡುವ ಆರೋಗ್ಯ ಗುರುತಿನ ಸಂಖ್ಯೆಯ) ಪ್ರಕಾರ ಒಬ್ಬರಿಗೆ ಒಂದೇ ಸಾಲು ಉಳಿಯುವಂತೆ ಪಟ್ಟಿಯನ್ನು ಶೋಧಿಸಿ ನೋಡಿ.

ಇನ್ನು ಶಂಕೆ ಕಂಡ ಮೇಲಿನ ಹಾದಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ನಾಲ್ಕು ಪುಟಗಳಲ್ಲಿ ಎರಡಾದರೂ ಇದಕ್ಕೆ ಮೀಸಲಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಉಪಕ್ರಮದ ಅಡಿಯಲ್ಲಿ ಮೂರು ಗುರಿಗಳನ್ನು ಕೊಟ್ಟಿದೆ: ಪತ್ತೆಯಾದವರಲ್ಲಿ 60 ಪ್ರತಿಶತಕ್ಕಿಂತ ಹೆಚ್ಚು ಮಂದಿ ಆರಂಭದ, ಅಂದರೆ ಒಂದನೆಯ ಅಥವಾ ಎರಡನೆಯ, ಹಂತದಲ್ಲಿರಬೇಕು, ಮೊದಲ ಸಲ ಆಸ್ಪತ್ರೆಗೆ ಬಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, 80 ಪ್ರತಿಶತಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ಯುರೋಪಿನ ಮಾನದಂಡಗಳನ್ನು, ಎಂದರೆ ಕರೆದವರಲ್ಲಿ 70 ಪ್ರತಿಶತ ಬರಬೇಕು, ಮೊದಲ ಸುತ್ತಿನಲ್ಲಿ ಮರುಪರೀಕ್ಷೆಗೆ ಕರೆಸಿಕೊಳ್ಳುವವರು 7 ಪ್ರತಿಶತದ ಒಳಗಿರಬೇಕು ಎಂಬಂಥವನ್ನು, ಹಾಗೆಯೇ ತಂದು ಇಲ್ಲಿ ಅಂಟಿಸಬೇಡಿ. ಅವು ಐವತ್ತು ದಾಟಿದವರ ಮ್ಯಾಮೊಗ್ರಾಮ್ ತಪಾಸಣೆಗೆ ಹೊಲಿದ ಅಂಗಿ. ವಿಶ್ವ ಆರೋಗ್ಯ ಸಂಸ್ಥೆಯ ಮೂರು ಗುರಿಗಳಾದರೆ ಗಂಟು ಹೇಗೆ ಪತ್ತೆಯಾಯಿತು ಎಂಬುದನ್ನು ಅವಲಂಬಿಸಿಲ್ಲ, ಆದ್ದರಿಂದ ನಮಗೂ ಸಲ್ಲುತ್ತವೆ.

ಉತ್ತರ 2: ಭೀಮಾತೀರ (ಇಂಡಿ ತಾಲ್ಲೂಕು, ಸಮುದಾಯ ಆರೋಗ್ಯ ಅಧಿಕಾರಿ)

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ‘ಬಾಯಿಂದ ಆದ ಪರೀಕ್ಷೆ’ಯ ಇನ್ನೊಂದು ಮುಖವನ್ನು ಹೇಳದಿದ್ದರೆ ನಮ್ಮಂಥವರಿಗೆ ಅನ್ಯಾಯವಾಗುತ್ತದೆ. ಎರಡೂ ಸ್ತನಗಳನ್ನು, ಎರಡೂ ಕಂಕುಳನ್ನು, ಕುಳಿತಾಗೊಮ್ಮೆ ಮಲಗಿದಾಗೊಮ್ಮೆ ಸರಿಯಾಗಿ ಪರೀಕ್ಷಿಸಲು, ಆಕೆಗೆ ವಿಷಯ ತಿಳಿಸಿ ಒಪ್ಪಿಸುವುದೂ ಸೇರಿ, ನನಗೆ ಕನಿಷ್ಠ ಹತ್ತು ನಿಮಿಷ ಬೇಕು. ಅದೇ ದಿನ ಬಿಪಿ, ಸಕ್ಕರೆ, ಬಾಯಿ ಪರೀಕ್ಷೆ, ಗರ್ಭಿಣಿಯರು, ಔಷಧ ವಿತರಣೆ ಎಲ್ಲವೂ ಇರುತ್ತವೆ. ನಾನು ಮೊದಲು ಕೆಲಸ ಮಾಡಿದ ಕೇಂದ್ರದಲ್ಲಿ ಒಂದೇ ಕೋಣೆ, ಬಾಗಿಲಿಗೆ ಚಿಲಕವಿಲ್ಲ, ಪರದೆಯಿಲ್ಲ. ಹೊರಗೆ ಕಟ್ಟೆಯ ಮೇಲೆ ಗಂಡಸರು ಕುಳಿತಿರುವಾಗ ಯಾವ ಹೆಣ್ಣುಮಗಳು ಕುಪ್ಪಸ ಬಿಚ್ಚುತ್ತಾಳೆ? ಹಳೆಯ ಸೀರೆಯೊಂದನ್ನು ತಂದು ಹಗ್ಗಕ್ಕೆ ಇಳಿಬಿಟ್ಟ ಮೇಲೆ ಪರೀಕ್ಷೆಗೆ ಒಪ್ಪುವವರ ಸಂಖ್ಯೆ ತಾನಾಗಿಯೇ ಹೆಚ್ಚಿತು. ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಉಪಕೇಂದ್ರದ ಹೆಸರಿನ ಮುಂದೆ ‘ಮರೆಯಿರುವ ಕೋಣೆ ಇದೆಯೇ, ಮಂಚ ಇದೆಯೇ, ಕೈಪರೀಕ್ಷೆಯ ತರಬೇತಿ ಪಡೆದವರು ಇದ್ದಾರೆಯೇ’ ಎಂದು ಮೂರು ಕಾಲಂ ಹಾಕಿ ನೋಡಿ. ಶಂಕಿತರ ಸಂಖ್ಯೆ ಎಲ್ಲಿ ಸೊನ್ನೆ ಇದೆ ಎಂಬುದಕ್ಕೂ ಇದಕ್ಕೂ ಸಂಬಂಧ ಕಾಣದಿದ್ದರೆ ಹೇಳಿ.

ಎರಡನೆಯದು ಗುಳೆ. ನಮ್ಮ ಇಂಡಿ, ಚಡಚಣ, ಸಿಂದಗಿ ಕಡೆಯ ಹಳ್ಳಿಗಳಿಂದ, ತಾಂಡಾಗಳಿಂದ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ನಿಮ್ಮ ಮುಧೋಳ, ಜಮಖಂಡಿಯ ಕಾರ್ಖಾನೆಗಳ ಕಡೆಗೂ ಬರುತ್ತಾರೆ, ಮಹಾರಾಷ್ಟ್ರಕ್ಕೂ ಹೋಗುತ್ತಾರೆ. ಮರಳುವುದು ಯುಗಾದಿಯ ಆಚೀಚೆ. ವರ್ಷದ ಗುರಿಯನ್ನು ಮಾರ್ಚ್ ಒಳಗೆ ಮುಗಿಸಬೇಕೆಂದು ಫೆಬ್ರುವರಿಯಲ್ಲಿ ಶಿಬಿರ ಮಾಡಿದರೆ, ಊರಲ್ಲಿರುವುದು ವಯಸ್ಸಾದವರು ಮತ್ತು ಹೊಲ ಇದ್ದವರು. ನಮ್ಮ ಪಟ್ಟಿಯಲ್ಲಿ ‘ಲಭ್ಯವಿಲ್ಲ’ ಎಂದಾಗುವ ಅದೇ ಹೆಂಗಸರು ನಿಮ್ಮ ಕಡೆಯ ಕಬ್ಬಿನ ಗದ್ದೆಯ ಜೋಪಡಿಗಳಲ್ಲಿರುತ್ತಾರೆ. ಅವರು ನಿಮ್ಮ ಜನಸಂಖ್ಯೆಯ ಲೆಕ್ಕದಲ್ಲೂ ಇರುವುದಿಲ್ಲ. ಎರಡೂ ಜಿಲ್ಲೆಗಳ ಹೊದಿಕೆ ನೂರಕ್ಕೆ ನೂರಾದರೂ ಇವರು ಹೊರಗೇ ಉಳಿಯಬಹುದು.

ಮೂರನೆಯದು ಚೀಟಿ ಕೊಟ್ಟ ಮೇಲಿನ ಕಥೆ. ಗಂಟು ನೋಯುವುದಿಲ್ಲ ಎಂದರೆ ಅದರಿಂದ ಏನೂ ಆಗುವುದಿಲ್ಲ ಎಂಬುದು ನಮ್ಮ ಜನರ ಬಲವಾದ ನಂಬಿಕೆ, ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ಮೊದಮೊದಲು ನೋಯುವುದೇ ಇಲ್ಲ ಎಂದು ಎಷ್ಟು ಹೇಳಿದರೂ ಸಾಲದು. ಜೊತೆಗೆ ಮಗಳ ಮದುವೆಯ ಮಾತುಕತೆ ನಡೆದಿದ್ದರೆ ತಾಯಿ ತನ್ನ ಗಂಟಿನ ಸುದ್ದಿಯನ್ನು ಮನೆಯ ಹೊಸ್ತಿಲು ದಾಟಿಸುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದದ್ದು ನಿಜಕ್ಕೂ ಉಪಕಾರವಾಗಿದೆ. ಆದರೆ ಜೊತೆಗೆ ಬರುವ ಗಂಡನಿಗೆ ಟಿಕೆಟ್ಟೂ ಬೇಕು, ಅವನ ಆ ದಿನದ ಕೂಲಿಯೂ ಹೋಗುತ್ತದೆ. ಸೋಲಾಪುರಕ್ಕೆ ಹೋಗುವುದಾದರೆ ಗಡಿ ದಾಟಿದ ಮೇಲೆ ಆಕೆಗೂ ಉಚಿತವಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದ ದಿನ ಸೋನೋಗ್ರಫಿ ಡಾಕ್ಟರು ಇಲ್ಲವೆಂದು ಒಮ್ಮೆ ಹಿಂದಿರುಗಿದವರು ಎರಡನೆಯ ಸಲ ಹೋಗುವುದು ಅಪರೂಪ.

ಹಾಗಾಗಿ ನಾನು ಚೀಟಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ಬಿಟ್ಟು, ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಹೆಸರು, ಫೋನ್ ನಂಬರು, ಕಳಿಸಿದ ದಿನ, ಸೋನೋಗ್ರಫಿಯಾದ ದಿನ, ಸೂಜಿ ಪರೀಕ್ಷೆಯಾದ ದಿನ, ಫಲಿತಾಂಶ ಎಂದು ಬರೆದಿಡುತ್ತಿದ್ದೇನೆ. ಪೋರ್ಟಲಿನಲ್ಲಿ ‘ರೆಫರ್ ಮಾಡಲಾಗಿದೆ’ ಎಂದು ಹಸಿರು ಗುರುತು ಬಂದ ಎಷ್ಟೋ ಸಾಲುಗಳು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಇವೆ.

ಘಟಪ್ರಭಾ ದಂಡೆ (ಪ್ರಶ್ನೆ ಕೇಳಿದವರು)

ಇಬ್ಬರಿಗೂ ತುಂಬ ಕೃತಜ್ಞತೆಗಳು. ಅಕ್ಕಾ, ನಿಮ್ಮ ಮೂರು ಕಾಲಂಗಳನ್ನು ಖಂಡಿತ ಸೇರಿಸುತ್ತೇನೆ. ಒಂದು ಅನುಮಾನ ಉಳಿದಿದೆ. ಉಪಕೇಂದ್ರಗಳನ್ನು ಪತ್ತೆ ಪ್ರಮಾಣದ ಆಧಾರದ ಮೇಲೆ ಮೊದಲನೆಯದರಿಂದ ಕೊನೆಯದರವರೆಗೆ ಶ್ರೇಣೀಕರಿಸಿ ಎಂದು ಸೂಚನೆ ಬಂದಿದೆ. ಅದು ಸರಿಯೇ? ಮತ್ತೆ, ಹತ್ತು ಸಾವಿರಕ್ಕೆ 570 ಶಂಕಿತರು ಎಂದರೆ ಅಷ್ಟು ಜನರಿಗೆ ಸೋನೋಗ್ರಫಿ ಮಾಡುವ ಶಕ್ತಿ ನಮ್ಮ ತಾಲ್ಲೂಕಿಗೆ ಇದೆಯೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಉತ್ತರ 3: ಗೋಳಗುಮ್ಮಟ (ವಿಜಯಪುರ; ಜೀವಸಂಖ್ಯಾಶಾಸ್ತ್ರ ಬೋಧನೆ)

ಎರಡನೆಯ ಪ್ರಶ್ನೆ ಸುಲಭವಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ 30ರಿಂದ 65ರ ನಡುವಿನ ಮಹಿಳೆಯರು ಐವತ್ತು ಸಾವಿರ ಎಂದಿಟ್ಟುಕೊಳ್ಳಿ. ಐದು ವರ್ಷದ ಸುತ್ತಿನಲ್ಲಿ ವರ್ಷಕ್ಕೆ ಹತ್ತು ಸಾವಿರ ಪರೀಕ್ಷೆ, ಅದರಲ್ಲಿ 570 ಶಂಕಿತರು, ಅಂದರೆ ವಾರಕ್ಕೆ ಹನ್ನೊಂದು ಸೋನೋಗ್ರಫಿ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆಂದೇ ಗೊತ್ತುಮಾಡಿ, ಆ ದಿನವನ್ನು ಎಲ್ಲ ಉಪಕೇಂದ್ರಗಳಿಗೂ ತಿಳಿಸಿಟ್ಟರೆ ಆಗದ ಕೆಲಸವಲ್ಲ. ಮಾರ್ಚ್ ತಿಂಗಳೊಂದರಲ್ಲೇ ಐದು ಸಾವಿರ ಪರೀಕ್ಷೆ ಮುಗಿಸುವ ನಮ್ಮ ಪದ್ಧತಿಯಲ್ಲಿ ಮಾತ್ರ ಅದು ಅಸಾಧ್ಯವಾಗುತ್ತದೆ.

ಶ್ರೇಣೀಕರಣವನ್ನು ದಯವಿಟ್ಟು ಮಾಡಬೇಡಿ. ಹತ್ತು ಸಾವಿರ ಪರೀಕ್ಷೆಗೆ ಆರು ರೋಗಿಗಳು ನಿರೀಕ್ಷಿತ ಎಂದಾದರೂ, ಕೇವಲ ಆಕಸ್ಮಿಕದಿಂದ ಮೂರು ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ ನೂರಕ್ಕೆ ಹದಿನೈದರಷ್ಟಿದೆ. ಒಂದು ಉಪಕೇಂದ್ರದಲ್ಲಿ ವರ್ಷಕ್ಕೆ ಆಗುವುದು ಕೆಲವು ನೂರು ಪರೀಕ್ಷೆ, ಅಲ್ಲಿ ಸೊನ್ನೆ ಬಂದರೂ ಒಂದು ಬಂದರೂ ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ಇಡೀ ತಾಲ್ಲೂಕಿನ ಹತ್ತು ಸಾವಿರ ಪರೀಕ್ಷೆಗೆ ಸೊನ್ನೆ ಎಂದರೆ, ಅದು ಆಕಸ್ಮಿಕವಾಗಿರುವ ಸಂಭವ ಸಾವಿರಕ್ಕೆ ಎರಡು ಮೂರು ಮಾತ್ರ. ಇಲ್ಲಿ ರೋಗ ಕೇರಳದ ಅರ್ಧದಷ್ಟೇ ಇದೆ ಎಂದು ಉದಾರವಾಗಿ ಹಿಡಿದು ಮೂರು ನಿರೀಕ್ಷಿಸಿದರೂ, ಸೊನ್ನೆಯ ಸಂಭವ ನೂರಕ್ಕೆ ಐದು. ನಿಮ್ಮದು ಮೂರು ವರ್ಷಗಳ ಸೊನ್ನೆ. ಆದ್ದರಿಂದ ದೃಢಪಟ್ಟವರ ಸಂಖ್ಯೆಯನ್ನು ತಾಲ್ಲೂಕಿಗೆ ಒಟ್ಟುಗೂಡಿಸಿ, ಸಾಧ್ಯವಾದರೆ ಜಿಲ್ಲೆಗೆ ಒಟ್ಟುಗೂಡಿಸಿ ನೋಡಿ. ಉಪಕೇಂದ್ರಗಳನ್ನು ಹೋಲಿಸಲೇಬೇಕೆಂದರೆ ಶಂಕಿತರ ಪ್ರಮಾಣವನ್ನು ಹೋಲಿಸಿ, ಐನೂರು ಪರೀಕ್ಷೆಗೆ ಇಪ್ಪತ್ತೆಂಟರ ಆಸುಪಾಸು ನಿರೀಕ್ಷಿಸುವಲ್ಲಿ ಸೊನ್ನೆ ಬಂದರೆ ಅದಕ್ಕೆ ಅರ್ಥವಿದೆ. ಆದರೆ ಅದನ್ನೂ ಗುರಿಯನ್ನಾಗಿ ಪ್ರಕಟಿಸಬೇಡಿ. ‘ಶಂಕಿತರು 5.7 ಪ್ರತಿಶತ ಇರಬೇಕು’ ಎಂಬ ಸುತ್ತೋಲೆ ಹೋದರೆ ಮುಂದಿನ ತಿಂಗಳು ಎಲ್ಲ ಕೇಂದ್ರಗಳಿಂದ ಸರಿಯಾಗಿ 5.7 ಬರುತ್ತದೆ!

ಪಟ್ಟಿಯಲ್ಲಿರುವ ಪರೀಕ್ಷೆಗಳು ನಿಜಕ್ಕೂ ಆಗಿವೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ಪ್ರತಿ ಮೇಲ್ವಿಚಾರಣಾ ವಲಯದ ಪಟ್ಟಿಯಿಂದ ಚೀಟಿ ಎತ್ತಿದಂತೆ ಹತ್ತೊಂಬತ್ತು ಹೆಸರು ಆರಿಸಿ, ಬೇರೆ ವಲಯದ ಕಾರ್ಯಕರ್ತೆಯೊಬ್ಬರನ್ನು ಕಳಿಸಿ, ‘ನಿಮ್ಮ ಎದೆಯನ್ನು ಯಾರಾದರೂ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಾರೆಯೇ, ಎಲ್ಲಿ, ಯಾವಾಗ’ ಎಂದು ಕೇಳಿಸಿ. ಲಸಿಕೆ ಕಾರ್ಯಕ್ರಮಗಳಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ವಿಧಾನ ಇದು. ಸಣ್ಣ ಮಾದರಿಯ ಆಕಸ್ಮಿಕ ಏರುಪೇರಿಗೆ ಜಾಗ ಬಿಟ್ಟು, ಹತ್ತೊಂಬತ್ತರಲ್ಲಿ ಹದಿಮೂರು ಅಥವಾ ಹೆಚ್ಚು ಮಂದಿ ಹೌದೆಂದರೆ ಎಂಬತ್ತು ಪ್ರತಿಶತ ಮಂದಿಗೆ ಪರೀಕ್ಷೆಯಾಗಿದೆ ಎಂಬ ಹೇಳಿಕೆಯನ್ನು ಒಪ್ಪಬಹುದು, ಕಡಿಮೆಯಾದರೆ ಒಪ್ಪಲಾಗದು.

ಕೊನೆಯದಾಗಿ, ‘ತಪಾಸಣೆಯಲ್ಲಿ ಸಿಕ್ಕವರು ಹೆಚ್ಚು ವರ್ಷ ಬದುಕುತ್ತಾರೆ’ ಎಂಬ ಮಾತನ್ನು ಯಶಸ್ಸಿನ ಸಾಕ್ಷಿಯಾಗಿ ಬರೆಯಬೇಡಿ. 52ನೆಯ ವಯಸ್ಸಿಗೆ ತಾನೇ ಗಂಟು ಕಂಡು 55ಕ್ಕೆ ತೀರಿಕೊಳ್ಳಬೇಕಾಗಿದ್ದ ಮಹಿಳೆಯ ಗಂಟನ್ನು ನಾವು 50ಕ್ಕೇ ಕಂಡುಹಿಡಿದೆವು, ಆದರೂ ಆಕೆ 55ಕ್ಕೇ ತೀರಿಕೊಂಡಳು ಎನ್ನೋಣ. ಲೆಕ್ಕದಲ್ಲಿ ಮೂರು ವರ್ಷದ ಬದುಕು ಐದಾಯಿತು, ಆಕೆಗೆ ಸಿಕ್ಕಿದ್ದು ಎರಡು ವರ್ಷ ಹೆಚ್ಚಿನ ಆತಂಕ. ಇದರ ಜೊತೆಗೆ, ನಿಧಾನವಾಗಿ ಬೆಳೆಯುವ ಗಂಟುಗಳೇ ತಪಾಸಣೆಯ ಕೈಗೆ ಹೆಚ್ಚಾಗಿ ಸಿಗುತ್ತವೆ, ಅಂಥವರು ತಪಾಸಣೆ ಇಲ್ಲದಿದ್ದರೂ ಹೆಚ್ಚು ಕಾಲ ಬದುಕುವವರು. ಈ ಕಾರಣಕ್ಕಾಗಿಯೇ ಮುಂಬಯಿ ಅಧ್ಯಯನ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿ ಸಾವುಗಳನ್ನೇ ಎಣಿಸಿತು. 2021ರಲ್ಲಿ ಬಂದ ಅದರ ಫಲಿತಾಂಶದಂತೆ, ಎರಡು ವರ್ಷಕ್ಕೊಮ್ಮೆ ಕೈಪರೀಕ್ಷೆ ಪಡೆದವರಲ್ಲಿ ಪತ್ತೆಯಾದ ಸ್ತನ ಕ್ಯಾನ್ಸರುಗಳ ಪೈಕಿ ಮುಂದುವರಿದ ಮೂರು ಮತ್ತು ನಾಲ್ಕನೆಯ ಹಂತದವು 37 ಪ್ರತಿಶತ, ಪಡೆಯದವರಲ್ಲಿ 47 ಪ್ರತಿಶತ. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು 30 ಪ್ರತಿಶತ ಕಡಿಮೆಯಾಯಿತು. ಎಲ್ಲ ವಯಸ್ಸಿನವರನ್ನು ಸೇರಿಸಿದರೆ ಕಂಡದ್ದು 15 ಪ್ರತಿಶತ ಇಳಿಕೆ, ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿರಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಸಾವುಗಳನ್ನು ಅಳೆಯುವುದು ನಿಮ್ಮಿಂದಾಗದು, ನಿಮಗೆ ಎಟಕುವುದು ಹಂತ. ಪ್ರತಿ ರೋಗಿಯ ಬಯಾಪ್ಸಿ ವರದಿಯ ಜೊತೆ ಹಂತವನ್ನೂ ಬರೆಸಿಕೊಳ್ಳಿ. ಐವತ್ತು ದಾಟಿದವರ ಹೊದಿಕೆಯನ್ನು ಬೇರೆಯಾಗಿ ತೋರಿಸಿ. ಎಣಿಕೆ ತುಂಬಿಸಲು ಆಸ್ಪತ್ರೆಗೆ ಮಕ್ಕಳನ್ನು ಕರೆತಂದ ಮೂವತ್ತರ ತಾಯಂದಿರು ಸುಲಭವಾಗಿ ಸಿಗುತ್ತಾರೆ, ಲಾಭ ಹೆಚ್ಚಿರುವ ಅತ್ತೆಯಂದಿರು ಮನೆಯಲ್ಲೇ ಉಳಿಯುತ್ತಾರೆ.

ಉತ್ತರ 4: ಗಡಿಯಂಚು (ಅಥಣಿ)

ನಾನು ಆರೋಗ್ಯ ಇಲಾಖೆಯವನಲ್ಲ. ನಮ್ಮ ದೊಡ್ಡಮ್ಮನ ಚಿಕಿತ್ಸೆಗೆಂದು ಎರಡು ವರ್ಷ ಮಿರಜಿಗೆ ಓಡಾಡಿದ ಅನುಭವದಿಂದ ಒಂದು ಮಾತು. ಅಥಣಿ, ಕಾಗವಾಡ, ರಾಯಬಾಗ ಕಡೆಯವರಿಗೆ ಬೆಳಗಾವಿಗಿಂತ ಮಿರಜ್, ಸಾಂಗ್ಲಿ ಹತ್ತಿರ. ಬಾಗಲಕೋಟೆಯವರು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ, ವಿಜಯಪುರದವರು ಸೋಲಾಪುರ, ಬಾರ್ಶಿಗೆ. ಆಸ್ಪತ್ರೆಯ ಕಾಗದದಲ್ಲಿ ದೊಡ್ಡಮ್ಮನ ಹೆಸರಿಗೆ ‘ಬಾಯಿ’ ಸೇರಿತ್ತು, ಇಲ್ಲಿಯ ರೇಷನ್ ಕಾರ್ಡಿನಲ್ಲಿ ‘ಅವ್ವ’, ಆಧಾರಿನಲ್ಲಿ ಎರಡೂ ಇಲ್ಲ. ನಿಮ್ಮ ಪಟ್ಟಿಗೂ ಆ ಆಸ್ಪತ್ರೆಯ ಪಟ್ಟಿಗೂ ತಾಳೆ ಹಾಕುವವರು ಯಾರು? ಊರಿನ ಆಶಾ ಕಾರ್ಯಕರ್ತೆಗೆ ಮಾತ್ರ ಇಬ್ಬರೂ ಒಬ್ಬರೇ ಎಂದು ಗೊತ್ತಿತ್ತು.

ಉತ್ತರ 5: ಕೋಟೆಕೆರೆ (ಬೆಳಗಾವಿ)

ಅಥಣಿಯವರು ಕೊನೆಯ ಸಾಲಿನಲ್ಲಿ ದಾರಿಯನ್ನೂ ಹೇಳಿಬಿಟ್ಟಿದ್ದಾರೆ. ಬಾರ್ಶಿಯ ಹೆಸರು ಬಂದದ್ದು ಒಳ್ಳೆಯದಾಯಿತು. ಸೋಲಾಪುರ ಜಿಲ್ಲೆಯ ಆ ಊರಿನಲ್ಲಿ 1987ರಿಂದ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ರೋಗಿ ಬರುವವರೆಗೆ ಕಾಯದೆ ಸಿಬ್ಬಂದಿ ಹಳ್ಳಿಗಳಿಗೇ ಹೋಗಿ ವಿಚಾರಿಸುವುದು ಅಲ್ಲಿಯ ಕ್ರಮ. ಆಸ್ಪತ್ರೆಗಳ ಕಾಗದಪತ್ರ ಕೂಡಿಬರುವವರೆಗೆ ಕಾಯುವ ಬದಲು ಘಟಪ್ರಭಾ ಅವರು ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಬಹುದು: ‘ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಊರಿನಲ್ಲಿ ಎದೆಯ ಆಪರೇಶನ್ ಆದವರು, ಕಿಮೋ ಪಡೆದವರು, ಅದರಿಂದ ತೀರಿಕೊಂಡವರು ಯಾರು?’ ಒಂದು ಮಧ್ಯಾಹ್ನದಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅಡಿಯಲ್ಲಿ ಚಿಕಿತ್ಸೆ ಪಡೆದವರ ಹೆಸರುಗಳನ್ನು ಜಿಲ್ಲಾ ಕಚೇರಿಯಿಂದ ಕೇಳಿ ಅದಕ್ಕೆ ಸೇರಿಸಿ. ಹೆಸರುಗಳು ಗೋಪ್ಯವಾಗಿರಬೇಕು, ಸಭೆಯ ಟಿಪ್ಪಣಿಯಲ್ಲಿ ಸಂಖ್ಯೆ ಮಾತ್ರ ಇರಲಿ. ಆಮೇಲೆ ಆ ಪಟ್ಟಿಯನ್ನು ತಪಾಸಣೆಯ ಪಟ್ಟಿಯ ಪಕ್ಕದಲ್ಲಿಟ್ಟು ಮೂರು ಗುಂಪು ಮಾಡಿ: ನಮ್ಮ ತಪಾಸಣೆಯಿಂದಲೇ ಪತ್ತೆಯಾದವರು, ‘ಸಹಜ’ ಎಂದು ಬರೆದ ಮೇಲೆ ಪತ್ತೆಯಾದವರು, ಪಟ್ಟಿಗೇ ಬಾರದವರು. ಎರಡನೆಯ ಗುಂಪು ದೊಡ್ಡದಾಗಿ ಕಂಡರೆ ಗಾಬರಿಯಾಗಬೇಡಿ. ತಿರುವನಂತಪುರದಲ್ಲಿಯೂ ಕೈಪರೀಕ್ಷೆಗೆ ಸಿಕ್ಕದ್ದು ಇದ್ದ ರೋಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 51.7 ಪ್ರತಿಶತ ಮಾತ್ರ.

ಘಟಪ್ರಭಾ ದಂಡೆ (ಪ್ರಶ್ನೆ ಕೇಳಿದವರು)

ನಿನ್ನೆ ನಮ್ಮ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಆಶಾ ಸಭೆಯಲ್ಲಿ ಕೋಟೆಕೆರೆ ಸರ್ ಹೇಳಿದ ಪ್ರಶ್ನೆಯನ್ನು ಕೇಳಿದೆ. ಒಂದೇ ಪಿಎಚ್‌ಸಿ ವ್ಯಾಪ್ತಿಯಲ್ಲಿ ಹೆಸರುಗಳು ಬಂದವು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದವು. ಯಾವ ಹೆಸರೂ ‘ದೃಢಪಟ್ಟವರು’ ಕಾಲಂನಲ್ಲಿ ಇಲ್ಲ. ನಮ್ಮ ಓಣಿಯ ತಾಯಿಯನ್ನೂ ಕಂಡು ಮಾತನಾಡಿಸಿದೆ. ಆ ದಿನ ಬಿಪಿ ನೋಡಿದರು, ಬೆರಳಿಗೆ ಚುಚ್ಚಿ ರಕ್ತ ತೆಗೆದುಕೊಂಡರು, ‘ಎದ್ಯಾಗ ಏನೂ ತ್ರಾಸ ಇಲ್ಲಲ್ಲ ಅಂತ ಕೇಳಿದ್ರು, ನೋವ ಇರಲಿಲ್ಲಪಾ, ಇಲ್ಲಂದೆ’ ಎಂದರು. ಗಂಟು ಆಗಲೇ ಕೈಗೆ ಹತ್ತುತ್ತಿತ್ತಂತೆ.

ಹತ್ತೊಂಬತ್ತು ಹೆಸರುಗಳ ಪರಿಶೀಲನೆಯನ್ನು ಮುಂದಿನ ವಾರ ಎರಡು ವಲಯಗಳಲ್ಲಿ ಆರಂಭಿಸುತ್ತಿದ್ದೇವೆ. ಭೀಮಾತೀರ ಅಕ್ಕಾ, ನಿಮ್ಮ ನೋಟ್‌ಬುಕ್ಕಿನ ಕಾಲಂಗಳ ಒಂದು ಖಾಲಿ ಪುಟದ ಫೋಟೋ ಕಳಿಸಿದರೆ ಉಪಕಾರವಾಗುತ್ತದೆ.

ಭೀಮಾತೀರ (ಇಂಡಿ ತಾಲ್ಲೂಕು)

ಕಳಿಸಿದ್ದೇನೆ. ಫೋನ್ ನಂಬರಿನ ಕಾಲಂ ಎರಡಿರಲಿ. ಗುಳೆ ಹೋದಾಗ ಆಕೆಯ ಫೋನು ಹತ್ತುವುದಿಲ್ಲ, ಗ್ಯಾಂಗಿನ ಮುಕಾದಮನದು ಹತ್ತುತ್ತದೆ. ಆದರೆ ಅವನಿಗೆ ವಿಷಯ ಹೇಳಬಾರದು, ‘ಆಸ್ಪತ್ರೆಯಿಂದ ಅಕ್ಕ ಮಾತಾಡ್ತಾಳ, ಅಕೀನ್ನ ಕರೀರಿ’ ಎಂದಷ್ಟೇ ಹೇಳಬೇಕು.